ನಂಬರ್ ಬೀಗವೂ ಉಗ್ರಾಣದ ಭದ್ರತೆಯೂ

ಕಾಫಿ ಕಣದಿಂದ ಎದ್ದು ಚೀಲ ಸೇರಿದ ಮೇಲೆ, ಸುಲಿದ ಚಾಲಿ ಅಡಿಕೆ ಮೂಟೆಯಾಗಿ ನಿಂತ ಮೇಲೆ, ದರ ನೋಡಿ ಮಾರೋಣವೆಂದು ಬೆಳೆಗಾರ ಒಂದೆರಡು ತಿಂಗಳು ಕಾಯುವುದು ವಾಡಿಕೆ. ಆ ಅವಧಿಯಲ್ಲಿ ವರ್ಷದ ದುಡಿಮೆಯೆಲ್ಲ ಒಂದು ಕೋಣೆಯೊಳಗೆ ಇರುತ್ತದೆ. ಅದರ ಕಾವಲಿಗೆ ಇರುವುದು ಬಾಗಿಲಿನ ಒಂದು ಬೀಗ. ಈಚಿನ ವರ್ಷಗಳಲ್ಲಿ ಆ ಜಾಗಕ್ಕೆ ಅಂಕಿ ತಿರುಗಿಸಿ ತೆರೆಯುವ ಅಗ್ಗದ ನಂಬರ್ ಬೀಗ ಬಂದಿರುವುದು ನಮ್ಮ ಹಲವು ಸದಸ್ಯರ ಉಗ್ರಾಣಗಳಲ್ಲಿ ಕಾಣುತ್ತಿದೆ. ಬೀಗದ ಕೈ ಕಳೆಯುವ ಭಯವಿಲ್ಲ, ತಾವು ಪೇಟೆಯಲ್ಲಿದ್ದರೆ ರೈಟರಿಗೆ ಫೋನಿನಲ್ಲಿ ನಂಬರು ಹೇಳಿದರಾಯಿತು ಎಂಬ ಅನುಕೂಲ ನಿಜವೇ. ಆದರೂ ಇದು ಉಗ್ರಾಣಕ್ಕೆ ತಕ್ಕ ಬೀಗವಲ್ಲ. ಏಕೆಂಬುದನ್ನು ಸದಸ್ಯರು ಅರಿತಿರುವುದು ಒಳ್ಳೆಯದು.

ಸಾವಿರದ ಲೆಕ್ಕ

ಮೂರು ಚಕ್ರದ ಬೀಗದಲ್ಲಿ 000ದಿಂದ 999ರವರೆಗೆ ಒಟ್ಟು 1,000 ನಂಬರುಗಳು. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ಒಂದೊಂದು ನಂಬರಿಗೆ 2 ಸೆಕೆಂಡಿನಂತೆ ಸಾಲಾಗಿ ತಿರುಗಿಸಿ ನೋಡಿದರೆ ಎಲ್ಲವೂ ಮುಗಿಯಲು 2,000 ಸೆಕೆಂಡು, ಅಂದರೆ 34 ನಿಮಿಷವೂ ಬೇಡ. ಸರಾಸರಿ ಹಿಡಿದರೆ ಅದರ ಅರ್ಧ ಹೊತ್ತಿಗೇ ಸರಿಯಾದ ನಂಬರು ಸಿಕ್ಕಿರುತ್ತದೆ. ಮನೆಯವರೆಲ್ಲ ಮದುವೆಗೋ ಜಾತ್ರೆಗೋ ಹೋದ ದಿನ ಅರ್ಧ ಗಂಟೆ ಸಿಗುವುದು ಕಷ್ಟವಲ್ಲ. ನಾಲ್ಕು ಚಕ್ರವಿದ್ದರೆ ನಂಬರುಗಳು 10,000 ಆಗುತ್ತವೆ. ಇದೇ ಲೆಕ್ಕದಲ್ಲಿ ಐದೂವರೆ ಗಂಟೆ ಬೇಕು. ಇಷ್ಟಾದರೆ ಪರವಾಗಿಲ್ಲ ಎನ್ನಬಹುದಿತ್ತು. ಆದರೆ ಅಗ್ಗದ ಬೀಗದಲ್ಲಿ ಈ ಲೆಕ್ಕವೂ ನಿಲ್ಲುವುದಿಲ್ಲ.

ಬೀಗದ ಒಳಗೆ ಕೊಕ್ಕೆಗೆ ಸೇರಿದ ಒಂದು ಸಲಾಕೆಯಿದ್ದು, ಅದಕ್ಕೆ ಹಲ್ಲುಗಳಿರುತ್ತವೆ. ಪ್ರತಿ ಚಕ್ರದಲ್ಲಿ ಒಂದು ಕಚ್ಚು. ಎಲ್ಲ ಕಚ್ಚುಗಳೂ ಒಂದೇ ಸಾಲಿಗೆ ಬಂದಾಗ ಹಲ್ಲುಗಳಿಗೆ ದಾರಿಯಾಗಿ ಸಲಾಕೆ ಹೊರಬರುತ್ತದೆ. ಕೆಲಸ ಕರಾರುವಾಕ್ಕಾಗಿದ್ದರೆ ಎಲ್ಲ ಚಕ್ರಗಳೂ ಒಂದೇ ಸಮನೆ ಸಲಾಕೆಯನ್ನು ತಡೆಯಬೇಕು. ಕಡಿಮೆ ಬೆಲೆಗೆ ಅಚ್ಚು ಹೊಯ್ದ ಬೀಗದಲ್ಲಿ ಅಂಥ ಕರಾರುವಾಕ್ಕು ಬರುವುದಿಲ್ಲ. ಕೂದಲೆಳೆಯಷ್ಟು ಸಡಿಲ ಉಳಿದೇ ಉಳಿಯುತ್ತದೆ. ಕೊಕ್ಕೆಯನ್ನು ಎಳೆದಾಗ ಒಂದು ಚಕ್ರ ಮೊದಲು ಬಿಗಿಯುತ್ತದೆ, ಮತ್ತೊಂದು ಆಮೇಲೆ. ಈ ವ್ಯತ್ಯಾಸ ಪಳಗಿದ ಬೆರಳಿಗೆ ತಿಳಿಯುತ್ತದೆ. ಆಗ ಮೂರು ಚಕ್ರಗಳನ್ನು ಕೂಡಿಸಿ ಸಾವಿರ ಸಲ ಊಹಿಸಬೇಕಾಗಿಲ್ಲ. ಒಂದೊಂದು ಚಕ್ರದ ಹತ್ತು ಅಂಕಿಗಳನ್ನು ಬೇರೆ ಬೇರೆಯಾಗಿ ನೋಡಿದರೆ ಸಾಕು. ಸಾವಿರವಿದ್ದದ್ದು ಮೂವತ್ತಕ್ಕೆ ಇಳಿಯಿತು.

ದುಬಾರಿ ಬೀಗಗಳೂ ಈ ದೋಷದಿಂದ ಪೂರ್ತಿ ಪಾರಾಗಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿನ ಗುಟ್ಟಿನ ಕಾಗದಗಳನ್ನು ನಂಬರ್ ಬೀಗದ ಉಕ್ಕಿನ ಬೀರುಗಳಲ್ಲಿ ಇಡುತ್ತಿದ್ದರು. ತಿರುಗಣೆಯಲ್ಲಿ 100 ಅಂಕಿ, ನಂಬರಿಗೆ ಮೂರು ಭಾಗ. ಒಟ್ಟು ಹತ್ತು ಲಕ್ಷ ಬಗೆ. ಅಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ (ಮುಂದೆ 1965ರಲ್ಲಿ ನೊಬೆಲ್ ಬಹುಮಾನ ಪಡೆದವರು) ಪರೀಕ್ಷಿಸಿ ನೋಡಿದಾಗ, ಅಂಕಿ ಎರಡರಷ್ಟು ಆಚೀಚೆಯಾದರೂ ಬೀಗ ತೆರೆಯುತ್ತಿತ್ತು. ಹಾಗಾಗಿ 100ರ ಬದಲು 20 ಅಂಕಿ ನೋಡಿದರೆ ಸಾಕಾಗಿ, ಹತ್ತು ಲಕ್ಷವೆಂಬುದು 8,000ಕ್ಕೆ ಕುಸಿಯಿತು. ಬೀರು ತೆರೆದಿದ್ದಾಗ ಹತ್ತಿರ ನಿಂತು ಕೊನೆಯ ಎರಡು ಅಂಕಿ ತಿಳಿದುಕೊಂಡರೆ ಉಳಿಯುವುದು 20 ಮಾತ್ರ. ತೆರೆದ ಬೀರಿನಿಂದ ಇರುವ ಈ ಅಪಾಯವನ್ನು ಅವರು ಒಬ್ಬ ಸೇನಾಧಿಕಾರಿಗೆ ತೋರಿಸಿಕೊಟ್ಟರು. ಅಧಿಕಾರಿ ಮಾಡಿದ್ದೇನು? ಫೈನ್‌ಮನ್ ಯಾರ ಯಾರ ಕೋಣೆಯ ಬಳಿ ಸುಳಿದಿದ್ದರೋ ಅವರೆಲ್ಲ ನಂಬರು ಬದಲಾಯಿಸಬೇಕೆಂದು ಆಜ್ಞೆ ಹೊರಡಿಸಿದ. ಬೀರು ತೆರೆದಿಡುವ ಅಭ್ಯಾಸ ಹಾಗೆಯೇ ಉಳಿಯಿತು. ಸಂಶಯ ಮಾತ್ರ ಮನುಷ್ಯನ ಮೇಲೆ ಬಿತ್ತು.

ಗುರುತು ಉಳಿಯದ ಕಳವು

ಒಳ್ಳೆಯ ಬೀಗವನ್ನು ಒಡೆಯಲಾಗದು ಎಂದಲ್ಲ. ಆದರೆ ಅದನ್ನು ಒಡೆಯಲೇಬೇಕು. ಸದ್ದಾಗುತ್ತದೆ, ನಾಯಿ ಬೊಗಳುತ್ತದೆ, ಬಾಗಿಲಲ್ಲಿ ಗುರುತು ಉಳಿಯುತ್ತದೆ. ಅಗ್ಗದ ನಂಬರ್ ಬೀಗ ಸದ್ದಿಲ್ಲದೆ ತೆರೆದು, ಸದ್ದಿಲ್ಲದೆ ಮತ್ತೆ ಮುಚ್ಚಿಕೊಳ್ಳುತ್ತದೆ. ಹಿಂದಿನ ಸಾಲಿನ ನಾಲ್ಕು ಚೀಲ ಮೆಣಸು ಹೋಗಿರುವುದು ವ್ಯಾಪಾರಿಯ ಲಾರಿ ಬಂದ ದಿನವೇ ಗೊತ್ತಾಗುವುದು.

ಇದರಿಂದ ಎರಡು ಕಷ್ಟಗಳಿವೆ. ಮೊದಲನೆಯದು ವಿಮೆಯದು. ಕನ್ನಗಳವಿನ ವಿಮೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕಳ್ಳ ಬಲಪ್ರಯೋಗದಿಂದ ಒಳನುಗ್ಗಿರಬೇಕು ಎಂಬ ಷರತ್ತಿರುತ್ತದೆ. ಉಗ್ರಾಣದ ದಾಸ್ತಾನು ಕಳುವಾದ ಒಂದು ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಈ ಷರತ್ತನ್ನು ಎತ್ತಿಹಿಡಿದಿದೆ. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗವಿಲ್ಲದ ಬರಿಯ ಕಳವಿಗೆ ಪರಿಹಾರ ದೊರೆಯದು. ವರ್ಷವರ್ಷವೂ ಪ್ರೀಮಿಯಂ ಕಟ್ಟಿದವನು, ಬೀಗದ ಮೇಲೆ ಒಂದು ಗೀರೂ ಇಲ್ಲದ ಕಾರಣಕ್ಕೆ ಬರಿಗೈಯಲ್ಲಿ ಹಿಂದಿರುಗಬೇಕಾದೀತು.

ಎರಡನೆಯದು ಇನ್ನೂ ಭಾರವಾದದ್ದು. ಬಾಗಿಲು ಮುರಿದಿಲ್ಲ, ಬೀಗ ಕೆಟ್ಟಿಲ್ಲ ಎಂದಾದಾಗ ಯಜಮಾನನ ಕಣ್ಣು ಮೊದಲು ಹೋಗುವುದು ನಂಬರು ಗೊತ್ತಿದ್ದವರ ಮೇಲೆ. ರೈಟರು, ಮೇಸ್ತ್ರಿ, ಲೈನಿನಲ್ಲಿ ಹತ್ತು ವರ್ಷದಿಂದಿರುವ ಆಳು. ತಾನು ಕದ್ದಿಲ್ಲವೆಂದು ತೋರಿಸಿಕೊಡಲು ಆ ಬಡಪಾಯಿಗೆ ಯಾವ ದಾರಿಯೂ ಇಲ್ಲ. ಆ ಸೇನಾಧಿಕಾರಿ ಮಾಡಿದ್ದನ್ನೇ ನಾವೂ ಮಾಡುತ್ತೇವೆ. ಆಳು ಸಿಗುವುದೇ ಕಷ್ಟವಾಗಿರುವ ಈ ದಿನಗಳಲ್ಲಿ, ಇನ್ನೂರು ರೂಪಾಯಿಯ ಬೀಗ ಮಾಡಿದ ತಪ್ಪಿಗೆ ನಂಬಿಕಸ್ಥ ಸಂಸಾರವೊಂದು ಗಂಟುಮೂಟೆ ಕಟ್ಟಿದರೆ ಆ ನಷ್ಟವನ್ನು ಯಾವ ಪಾಲಿಸಿ ತುಂಬಿಕೊಡುತ್ತದೆ?

ಸದಸ್ಯರು ಮಾಡಬೇಕಾದುದು

1. ನಿಮ್ಮ ನಂಬರ್ ಬೀಗವನ್ನು ನೀವೇ ಪರೀಕ್ಷಿಸಿ. ಕೊಕ್ಕೆಯನ್ನು ಎಳೆದು ಹಿಡಿದು ಚಕ್ರಗಳನ್ನು ಅಲುಗಿಸಿದಾಗ ಒಂದು ಬಿಗಿ, ಒಂದು ಸಡಿಲ ಎಂದು ತಿಳಿದರೆ ಅದನ್ನು ಉಗ್ರಾಣದಿಂದ ಆ ದಿನವೇ ತೆಗೆಯಿರಿ. ದಣಪೆಯ ಸರಪಳಿಗೋ ಸಾಮಾನಿನ ಪೆಟ್ಟಿಗೆಗೋ ಅದು ಸಾಕು.

2. ಉಗ್ರಾಣಕ್ಕೆ ಹೆಚ್ಚು ಲಿವರಿನ, ಗಟ್ಟಿ ಉಕ್ಕಿನ ಕೊಕ್ಕೆಯ ಕೀಲಿ ಬೀಗವೇ ಇರಲಿ. ಕೊಳ್ಳುವಾಗ ಅದರ ಕೀಯನ್ನು ಪಕ್ಕದ ಬೀಗಗಳಿಗೂ ಹಾಕಿ ನೋಡಿ. ಅಗ್ಗದ ಮಾಲಿನಲ್ಲಿ ಒಂದರ ಕೀ ಇನ್ನೊಂದಕ್ಕೆ ಹೊಂದುವುದುಂಟು.

3. ಬೀಗ ಎಷ್ಟು ಗಟ್ಟಿಯಿದ್ದರೂ ಚಿಲಕದ ಪಟ್ಟಿ ನಾಲ್ಕು ಸ್ಕ್ರೂ ಮೇಲೆ ನಿಂತಿದ್ದರೆ ಪ್ರಯೋಜನವಿಲ್ಲ. ಬಾಗಿಲಿನ ಆಚೆಗೆ ಹಾಯುವ ಬೋಲ್ಟು ಹಾಕಿ, ನಟ್ಟು ಒಳಗಡೆ ಬರುವಂತೆ ಬಿಗಿಸಿ.

4. ನಂಬರ್ ಬೀಗ ಬಳಸುವ ಕಡೆ ಜೀಪಿನ ನಂಬರು, ಹುಟ್ಟಿದ ಇಸವಿ, 123 ಮುಂತಾದವನ್ನು ಇಡಬೇಡಿ. ಮುಚ್ಚಿದ ಮೇಲೆ ಕೊನೆಯ ಚಕ್ರ ಒಂದನ್ನೇ ತಿರುಗಿಸಿ ಬಿಡುವ ಅಭ್ಯಾಸ ಬೇಡ, ಎಲ್ಲವನ್ನೂ ತಿರುಗಿಸಿ. ಕೆಲಸ ಬಿಟ್ಟವನು ಕೀಯನ್ನು ಹಿಂದಿರುಗಿಸಬಲ್ಲ, ನಂಬರನ್ನು ಹಿಂದಿರುಗಿಸಲಾರ. ಆಗ ನಂಬರು ಬದಲಾಯಿಸಿ. ಬದಲಾಯಿಸಲು ಬಾರದ ಬೀಗವಾದರೆ ಬೀಗವನ್ನೇ ಬದಲಾಯಿಸಿ.

5. ಚೀಲಗಳಿಗೆ ಗುರುತು ಹಾಕಿ, ತೂಕ ಬರೆದು, ವಾರಕ್ಕೊಮ್ಮೆ ಎಣಿಸಿ ದಾಸ್ತಾನು ಪುಸ್ತಕದಲ್ಲಿ ಸಹಿ ಮಾಡಿ. ಪೊಲೀಸರಿಗೂ ವಿಮೆಯವರಿಗೂ ಬೇಕಾಗುವ ಮೊದಲ ಕಾಗದ ಅದೇ. ಯಾರ ಮೇಲೂ ಸುಮ್ಮನೆ ಗುಮಾನಿ ಪಡದಂತೆ ನಮ್ಮನ್ನು ತಡೆಯುವುದೂ ಅದೇ.

6. ವಿಮೆಯ ಪಾಲಿಸಿಯನ್ನು ಹೊರತೆಗೆದು ಕಳವಿನ ಷರತ್ತನ್ನು ಓದಿ. ಅರ್ಥವಾಗದಿದ್ದರೆ ಸಂಘದ ಕಚೇರಿಗೆ ತನ್ನಿ, ಕೂತು ಓದೋಣ.

ಒಂದು ಚೀಲ ಮೆಣಸಿನ ಬೆಲೆ ಇಂಥ ಬೀಗದ ಬೆಲೆಯ ನೂರು ಪಟ್ಟಿಗೂ ಮಿಕ್ಕಿದೆ. ಮಳೆಗೆ ಮುಂಚೆ ಉಗ್ರಾಣದ ಹೆಂಚು ಸರಿಪಡಿಸುವ ದಿನವೇ ಬೀಗ, ಚಿಲಕಗಳನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು.