ವಿಮಾನ ಏರುವ ಮುನ್ನ ಮೂಗಿಗೊಂದು ಕಡ್ಡಿ

ಪಾಂಡವಪುರದಿಂದಲೋ ಕೆ.ಆರ್. ಪೇಟೆಯಿಂದಲೋ 2021ರ ಆಗಸ್ಟ್‌ನಲ್ಲಿ ದುಬೈಗೆ ಹೊರಟವರಿಗೆ ಪಾಸ್‌ಪೋರ್ಟ್, ಟಿಕೆಟ್ ಇದ್ದರೆ ಸಾಲುತ್ತಿರಲಿಲ್ಲ. ಕೊರೊನಾ ಇಲ್ಲವೆಂಬ ಆರ್‌ಟಿ-ಪಿಸಿಆರ್ ವರದಿಯೂ ಬೇಕಿತ್ತು. ಮಾದರಿ ಕೊಟ್ಟು 48 ಗಂಟೆ ದಾಟಿರಬಾರದು. ಸಾಲದೆಂದು ವಿಮಾನ ನಿಲ್ದಾಣದಲ್ಲೇ ಇನ್ನೊಂದು ಪರೀಕ್ಷೆ! ಭಾರತಕ್ಕೆ ಬರುವವರಿಗೆ ಆಗ 72 ಗಂಟೆಗಳ ಮಿತಿ ಇತ್ತು.

ಮೂಗು, ಗಂಟಲಿನಿಂದ ಕಡ್ಡಿಯಲ್ಲಿ ತೆಗೆದ ದ್ರವದಲ್ಲಿ ವೈರಸ್ ಬಹಳ ಕಡಿಮೆ ಇರಬಹುದು. ಅದನ್ನು ಪತ್ತೆ ಹಚ್ಚುವುದು ಹೇಗೆ? ಮೊದಲು ಒಂದು ಕಿಣ್ವದ ನೆರವಿನಿಂದ ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡುತ್ತಾರೆ. ಯಂತ್ರವು ಅದನ್ನು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಡಿಎನ್‌ಎಯ ಎರಡು ಎಳೆಗಳು ಬಿಡಿಯಾಗುತ್ತವೆ. ತಣಿಸಿದಾಗ ಪ್ರತಿ ಎಳೆಗೂ ಹೊಸ ಜೊತೆ ಎಳೆ ಬೆಳೆಯುತ್ತದೆ. ಒಂದು ಎರಡಾಯಿತು! ಮತ್ತೆ ಕಾಯಿಸಿ ತಣಿಸಿದರೆ ನಾಲ್ಕು. 10 ಸುತ್ತಿಗೆ 1,024. 30 ಸುತ್ತಿಗೆ? 107 ಕೋಟಿಗೂ ಹೆಚ್ಚು. (ಗುಣಿಸಿ ನೋಡಿ, ಬೇಸರವಾದರೆ 10ಕ್ಕೇ ನಿಲ್ಲಿಸಿ.) ಪ್ರತಿಗಳು ಹೆಚ್ಚಿದಂತೆ ಬೆಳಕು ಹೊಮ್ಮುತ್ತದೆ; ಯಂತ್ರ ಅದನ್ನು ಗುರುತಿಸುತ್ತದೆ. ವೈರಸ್ಸೇ ಇಲ್ಲದಿದ್ದರೆ ನಕಲು ಮಾಡಲು ಏನಿದೆ? ಈ ಪಿಸಿಆರ್ ಉಪಾಯವನ್ನು 1983ರಲ್ಲಿ ಕಂಡುಕೊಂಡವರು ಅಮೆರಿಕದ ಕ್ಯಾರಿ ಮುಲ್ಲಿಸ್. 1993ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಾದರೆ ಗಂಟೆಗಳ ಲೆಕ್ಕ ಏಕೆ? ಸೋಂಕು ತಗುಲಿದ ಮೊದಲ ದಿನ ವೈರಸ್ ಇನ್ನೂ ಅಷ್ಟಾಗಿ ಬೆಳೆದಿರುವುದಿಲ್ಲ. ಮಾದರಿ ಕೊಟ್ಟ ಮೇಲೆ ತಗುಲಿದರಂತೂ ವರದಿಯಲ್ಲಿ ಅದರ ಸುಳಿವೇ ಇರದು. 2021ರ ನವೆಂಬರ್ 20ರಂದು ಬೆಂಗಳೂರಿಗೆ ಬಂದಿಳಿದ ದಕ್ಷಿಣ ಆಫ್ರಿಕಾದ ಪ್ರಯಾಣಿಕರೊಬ್ಬರ ಬಳಿ ‘ಸೋಂಕಿಲ್ಲ’ ಎಂಬ ವರದಿಯಿತ್ತು. ಇಲ್ಲಿ ಮತ್ತೆ ಪರೀಕ್ಷಿಸಿದಾಗ ಸೋಂಕು ಕಂಡಿತು. ಡಿಸೆಂಬರ್ 2ರಂದು ಪ್ರಕಟವಾದ ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳಲ್ಲಿ ಅದೂ ಒಂದು.