ಮಾಹಿತಿಯ ಕಾವಲು: ಆಡಳಿತವರ್ಗದ ಪಾತ್ರ

ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಕಾಯುವುದು ತಂತ್ರಜ್ಞರ ಕೆಲಸವಲ್ಲವೇ, ಅದರಲ್ಲಿ ಆಡಳಿತವರ್ಗಕ್ಕೇನು ಪಾತ್ರ ಎಂದು ನೀವು ಕೇಳಬಹುದು. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯ ಪ್ರಸಂಗವನ್ನೇ ನೋಡೋಣ. ಜನರ ಸಾಲ, ಮರುಪಾವತಿಗಳ ವಿವರ ಕಲೆಹಾಕಿ ಬ್ಯಾಂಕುಗಳಿಗೆ ಒದಗಿಸುವುದು ಅದರ ವ್ಯವಹಾರ. ಅಂದರೆ ಮಾಹಿತಿಯೇ ಅದರ ಬಂಡವಾಳ.

2017ರ ಮಾರ್ಚ್ 7ರಂದು 'ಅಪಾಚೆ ಸ್ಟ್ರಟ್ಸ್' ಎಂಬ ತಂತ್ರಾಂಶದಲ್ಲಿ ಗಂಭೀರ ದೋಷವಿರುವುದು ಬಹಿರಂಗವಾಯಿತು. ಅದನ್ನು ಮುಚ್ಚುವ ತೇಪೆಯೂ ಜೊತೆಗೇ ಬಂದಿತು. 48 ಗಂಟೆಗಳೊಳಗೆ ಅಳವಡಿಸಬೇಕೆಂದು ಮಾರ್ಚ್ 9ರಂದು ಸಂಸ್ಥೆಯೊಳಗೆ ಸೂಚನೆಯೂ ಹೊರಟಿತು. ಆದರೆ ಗ್ರಾಹಕರ ತಕರಾರುಗಳನ್ನು ಸ್ವೀಕರಿಸುತ್ತಿದ್ದ ಹಳೆಯ ವ್ಯವಸ್ಥೆಯೊಂದರಲ್ಲಿ ಆ ಕೆಲಸ ಆಗಲೇ ಇಲ್ಲ. ಮೇ ತಿಂಗಳಲ್ಲಿ ಒಳನುಗ್ಗಿದವರು 76 ದಿನ ಅಲ್ಲಿಯೇ ಇದ್ದರು! ಜಾಲದ ಮೇಲೆ ಕಣ್ಣಿಡಬೇಕಾದ ಉಪಕರಣದ ಪ್ರಮಾಣಪತ್ರದ ಅವಧಿ ಎಂದೋ ಮುಗಿದಿತ್ತು. ಜುಲೈ 29ರಂದು ಅದನ್ನು ನವೀಕರಿಸಿದೊಡನೆ ಕಳ್ಳತನ ಕಣ್ಣಿಗೆ ಬಿದ್ದಿತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರಗಳು ಕಳ್ಳರ ಪಾಲಾಗಿದ್ದವು.

ಅಮೆರಿಕ ಸಂಸತ್ತಿನ ಸಮಿತಿಯೊಂದು 2018ರಲ್ಲಿ ನೀಡಿದ ವರದಿ ಬೆರಳು ತೋರಿದ್ದು ಮೇಲ್ಮಟ್ಟದ ಕಡೆಗೆ. ಭದ್ರತಾ ಮುಖ್ಯಸ್ಥರು ವರದಿ ಒಪ್ಪಿಸುತ್ತಿದ್ದುದು ಕಾನೂನು ವಿಭಾಗದ ಮುಖ್ಯಸ್ಥರಿಗೆ. ಕಂಪ್ಯೂಟರುಗಳ ಹೊಣೆ ಇನ್ನೊಬ್ಬ ಅಧಿಕಾರಿಯದು. ತೇಪೆ ಹಾಕಿರೆಂದು ಹೇಳುವವರು ಒಬ್ಬರು, ಹಾಕುವವರು ಮತ್ತೊಬ್ಬರು. ಹಾಕಿದ್ದಾಯಿತೇ ಎಂದು ಖಚಿತಪಡಿಸಿಕೊಳ್ಳುವ ಗಟ್ಟಿ ಏರ್ಪಾಡು ಇರಲಿಲ್ಲ. ಈ ಅಂತರವನ್ನು ತಂತ್ರಜ್ಞ ಎಷ್ಟೇ ಜಾಣನಾದರೂ ತುಂಬಲಾರ. ಯಾರಿಗೆ ಅಧಿಕಾರ, ಎಷ್ಟು ಹಣ, ಎಷ್ಟು ಸಿಬ್ಬಂದಿ ಎಂದು ಗೊತ್ತುಮಾಡುವುದು ಆಡಳಿತವರ್ಗವೇ ತಾನೆ?

ಮುಖ್ಯ ಕಾರ್ಯನಿರ್ವಾಹಕ ರಿಚರ್ಡ್ ಸ್ಮಿತ್ 2017ರ ಸೆಪ್ಟೆಂಬರಿನಲ್ಲಿ ಹುದ್ದೆ ತೊರೆದರು. 2019ರಲ್ಲಿ ಸಂಸ್ಥೆಯು ಕನಿಷ್ಠ 57.5 ಕೋಟಿ ಡಾಲರ್ ತೆರಲು ಒಪ್ಪಿಕೊಂಡಿತು.