ಗಡಿಯಾಚೆಯ ಉದ್ಯೋಗ: ತೋಟವನ್ನು ಅಡವಿಡುವ ಮುನ್ನ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಂಬದ ಮೇಲೆ ಐದನೆಯ ಶತಮಾನದ ಶಾಸನವೊಂದಿದೆ. ಮಯೂರಶರ್ಮನೆಂಬ ತರುಣನು ತನ್ನ ಗುರು ವೀರಶರ್ಮನೊಡನೆ ಉನ್ನತ ವಿದ್ಯೆಗಾಗಿ ಪಲ್ಲವರ ಕಾಂಚಿಗೆ ತೆರಳಿದುದನ್ನೂ, ಅಲ್ಲಿ ಅವಮಾನಿತನಾಗಿ ಹೊರಬಂದು ಕದಂಬ ರಾಜ್ಯವನ್ನು ಸ್ಥಾಪಿಸಿದುದನ್ನೂ ಅದು ತಿಳಿಸುತ್ತದೆ. ಅಲ್ಲಿಂದ ಅನತಿದೂರದ ಬಳ್ಳಿಗಾವೆಯ ಶಾಸನಗಳು ನಾನಾ ದೇಶಗಳಲ್ಲಿ ವ್ಯಾಪಾರ ನಡೆಸುತ್ತಿದ್ದ ಅಯ್ಯಾವೊಳೆ ಐನೂರ್ವರನ್ನು ಕೊಂಡಾಡುತ್ತವೆ. ವಿದ್ಯೆಗಾಗಿ, ವ್ಯಾಪಾರಕ್ಕಾಗಿ ಗಡಿ ದಾಟುವುದು ಈ ಸೀಮೆಗೆ ಹೊಸದಲ್ಲ. ಹೊಸದಾಗಿರುವುದು ಗಡಿ ದಾಟಲು ಬೇಕಾದ ಕಾಗದಪತ್ರ ಮತ್ತು ಅದಕ್ಕೆ ತೆರಬೇಕಾದ ಬೆಲೆ.

ತೊಗರ್ಸಿ, ಶಿರಾಳಕೊಪ್ಪ, ಆನವಟ್ಟಿ, ಸೊರಬ ಮೊದಲಾದ ಊರುಗಳ ಅಡಿಕೆ, ಭತ್ತ, ಮೆಕ್ಕೆಜೋಳದ ಬೆಳೆಗಾರರ ಮಕ್ಕಳು ಶಿವಮೊಗ್ಗದಲ್ಲಿಯೋ ದಾವಣಗೆರೆಯಲ್ಲಿಯೋ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರುವುದು ಈಗ ಸಾಮಾನ್ಯ ಸಂಗತಿ. ನಾಲ್ಕಾರು ವರ್ಷಗಳ ಅನುಭವವಾದ ಬಳಿಕ ಅವರಲ್ಲಿ ಕೆಲವರ ದೃಷ್ಟಿ ವಿದೇಶದತ್ತ ಹೊರಳುತ್ತದೆ. ಆಗ ಮಧ್ಯವರ್ತಿಯೊಬ್ಬ ಹಣ ಕೇಳಿದರೆ, ಆ ಹಣದ ಮೂಲ ಊರಿನಲ್ಲಿಯೇ ಇರುತ್ತದೆ: ತೋಟದ ಮೇಲಿನ ಸಾಲ, ಮಂಡಿಯಿಂದ ಪಡೆದ ಮುಂಗಡ, ಇಲ್ಲವೇ ಪರಿಚಿತ ವರ್ತಕರೊಬ್ಬರ ಜಾಮೀನು. ಆದ್ದರಿಂದ ತಾತ್ಕಾಲಿಕ ವೃತ್ತಿಪರ ವೀಸಾಗಳ ನಿಯಮಗಳನ್ನು ಹೊರಡುವ ಯುವಕರಷ್ಟೇ ಅಲ್ಲ, ಅವರ ಬೆನ್ನಿಗೆ ನಿಲ್ಲುವ ವ್ಯಾಪಾರಸ್ಥರೂ ತಿಳಿದಿರುವುದು ಅಗತ್ಯ.

ಎಚ್-1ಬಿ ವೀಸಾದ ಸ್ವರೂಪ

ಅಮೆರಿಕವು 1990ರ ವಲಸೆ ಕಾಯಿದೆಯ ಮೂಲಕ ಎಚ್-1ಬಿ ವೀಸಾವನ್ನು ರೂಪಿಸಿತು. ಪದವಿ ಮಟ್ಟದ ವಿಶೇಷ ಜ್ಞಾನ ಬೇಡುವ ಹುದ್ದೆಗಳಿಗೆ ಇದು ಅನ್ವಯಿಸುತ್ತದೆ. ಒಮ್ಮೆಗೆ 3 ವರ್ಷ, ಸಾಮಾನ್ಯವಾಗಿ ಒಟ್ಟು 6 ವರ್ಷ ಇದರ ಅವಧಿ. ಹೊಸ ವೀಸಾಗಳ ವಾರ್ಷಿಕ ಮಿತಿ 65,000. 2001ರಿಂದ 2003ರವರೆಗಿನ ಆರ್ಥಿಕ ವರ್ಷಗಳಲ್ಲಿ ಅದನ್ನು 1,95,000ಕ್ಕೆ ಏರಿಸಲಾಗಿತ್ತು. 2004ರಲ್ಲಿ ಅದು ಮತ್ತೆ ಹಳೆಯ ಮಟ್ಟಕ್ಕೆ ಇಳಿಯಿತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗಾಗಿ ನಂತರ 20,000 ವೀಸಾಗಳನ್ನು ಪ್ರತ್ಯೇಕವಾಗಿ ಸೇರಿಸಲಾಯಿತು. 2023ರ ಆರ್ಥಿಕ ವರ್ಷದಲ್ಲಿ ಮಂಜೂರಾದ ಎಚ್-1ಬಿ ಅರ್ಜಿಗಳಲ್ಲಿ ಶೇ. 70ಕ್ಕೂ ಹೆಚ್ಚಿನವು ಭಾರತೀಯರಿಗೆ ಸಂಬಂಧಿಸಿದ್ದವು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಅರ್ಜಿ ಸಲ್ಲಿಸುವವನು ನೌಕರನಲ್ಲ, ಉದ್ಯೋಗದಾತ. ಮೊದಲು ಹುದ್ದೆ, ಆಮೇಲೆ ವೀಸಾ. ಬೇಡಿಕೆಯು ಮಿತಿಯನ್ನು ಮೀರಿದಾಗ ಆಯ್ಕೆ ಪ್ರಕ್ರಿಯೆ ನಡೆಯುತ್ತದೆ. ಅಲ್ಲಿ ಹೆಸರು ಬರುವುದೆಂದು ಯಾವ ಮಧ್ಯವರ್ತಿಯೂ ಖಾತರಿ ಕೊಡಲಾರ. "ವೀಸಾ ಕೊಡಿಸುತ್ತೇವೆ, ಕೆಲಸ ಅಲ್ಲಿಗೆ ಹೋದ ಮೇಲೆ ನೋಡೋಣ" ಎನ್ನುವವನ ಮಾತು ಈ ಕಾರಣದಿಂದಲೇ ನಂಬತಕ್ಕದ್ದಲ್ಲ.

ಖರ್ಚಿನ ವಿಷಯದಲ್ಲಿಯೂ ಅಮೆರಿಕದ ಕಾನೂನು ಸ್ಪಷ್ಟವಾಗಿದೆ. ಆ ಪ್ರದೇಶದಲ್ಲಿ ಆ ಹುದ್ದೆಗೆ ನಿಗದಿಯಾದ ವೇತನವನ್ನು ಉದ್ಯೋಗದಾತ ಕೊಡಲೇಬೇಕು. ಅರ್ಜಿಯ ಶುಲ್ಕ ಮತ್ತು ವಕೀಲರ ವೆಚ್ಚ ಅವನ ವ್ಯವಹಾರದ ಖರ್ಚೇ ಹೊರತು ನೌಕರನ ಹೊರೆಯಲ್ಲ. ಕೆಲಸವಿಲ್ಲವೆಂಬ ನೆಪದಿಂದ ಸಂಬಳವಿಲ್ಲದೆ ಕೂರಿಸುವುದೂ ನಿಷಿದ್ಧ. 2000ನೆಯ ಇಸವಿಯ ಆಸುಪಾಸಿನಲ್ಲಿ ಇಂತಹ 'ಬೆಂಚಿನ' ಮೇಲೆ ತಿಂಗಳುಗಟ್ಟಲೆ ಕುಳಿತ ತಂತ್ರಜ್ಞರ ಅನುಭವ ಇಂದಿನವರಿಗೆ ಎಚ್ಚರಿಕೆಯಾಗಬೇಕು.

ಸೆಪ್ಟೆಂಬರ್ 2025ರಲ್ಲಿ ಅಮೆರಿಕದ ಅಧ್ಯಕ್ಷರು ಹೊರಡಿಸಿದ ಘೋಷಣೆಯು ಲೆಕ್ಕಾಚಾರವನ್ನೇ ಬದಲಿಸಿತು. ಆ ದೇಶದ ಹೊರಗಿರುವವರ ಪರವಾಗಿ ಸಲ್ಲಿಸುವ ಹೊಸ ಅರ್ಜಿಗಳಿಗೆ ಉದ್ಯೋಗದಾತರು 1,00,000 ಡಾಲರ್ ಪಾವತಿಸಬೇಕೆಂದು ಅದು ವಿಧಿಸಿತು. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 88 ಲಕ್ಷ ರೂಪಾಯಿ. ಈ ಮೊತ್ತದಲ್ಲಿ ಒಂದು ಭಾಗವನ್ನು ನೌಕರನೇ ಭರಿಸಬೇಕೆಂದು ಯಾರಾದರೂ ಹೇಳಿದರೆ, ಅದನ್ನು ಅವಕಾಶವೆಂದಲ್ಲ, ಅಪಾಯದ ಸೂಚನೆಯೆಂದು ತಿಳಿಯುವುದೇ ಲೇಸು.

ಕೆನಡಾ ಮಾರ್ಗದ ನಿಜಸ್ಥಿತಿ

"ಮೊದಲು ಕೆನಡಾಕ್ಕೆ ಹೋಗಿ, ಅಲ್ಲಿಂದ ಅಮೆರಿಕ ಸುಲಭ" ಎಂಬ ಮಾತೂ ಪ್ರಚಾರದಲ್ಲಿದೆ. ಇದರ ಹಿಂದಿರುವುದು ಟಿಎನ್ ಎಂಬ ವೃತ್ತಿಪರ ವ್ಯವಸ್ಥೆ. ಅಮೆರಿಕ, ಕೆನಡಾ, ಮೆಕ್ಸಿಕೋ ದೇಶಗಳ ನಡುವಣ ನಾಫ್ಟಾ ಒಪ್ಪಂದದೊಡನೆ 1994ರಲ್ಲಿ ಇದು ಜಾರಿಗೆ ಬಂತು. ನಾಫ್ಟಾದ ಬದಲಿಗೆ ಜುಲೈ 2020ರಲ್ಲಿ ಬಂದ ಹೊಸ ಒಪ್ಪಂದದಲ್ಲಿಯೂ ಉಳಿಯಿತು. ಎಂಜಿನಿಯರ್, ಲೆಕ್ಕಿಗ, ದಾದಿ, ಔಷಧ ತಜ್ಞ, ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್ ಮುಂತಾಗಿ ಒಪ್ಪಂದದ ಪಟ್ಟಿಯಲ್ಲಿರುವ ವೃತ್ತಿಗಳಿಗೆ ಒಮ್ಮೆಗೆ 3 ವರ್ಷಗಳವರೆಗೆ ಅನುಮತಿ ದೊರೆಯುತ್ತದೆ. ವಾರ್ಷಿಕ ಮಿತಿಯಿಲ್ಲ, ಲಾಟರಿಯಿಲ್ಲ. ಕೆನಡಾದ ಪ್ರಜೆಯು ಉದ್ಯೋಗದಾತನ ಪತ್ರ, ಪದವಿಯ ದಾಖಲೆ ಮತ್ತು ಪೌರತ್ವದ ಪುರಾವೆಯೊಡನೆ ಗಡಿಯ ಠಾಣೆಯಲ್ಲಿಯೇ ಅರ್ಜಿ ಸಲ್ಲಿಸಬಹುದು.

ಆದರೆ ಈ ಸೌಲಭ್ಯವಿರುವುದು ಕೆನಡಾ ಮತ್ತು ಮೆಕ್ಸಿಕೋದ ಪ್ರಜೆಗಳಿಗೆ ಮಾತ್ರ. ಕೆನಡಾದಲ್ಲಿ ಕಾಯಂ ನಿವಾಸದ ಅನುಮತಿ ಪಡೆದಿರುವ ಭಾರತೀಯನಿಗೆ ಇದು ಸಿಗದು. ಪೌರತ್ವಕ್ಕೆ ಅರ್ಜಿ ಸಲ್ಲಿಸಲು ಕಾಯಂ ನಿವಾಸಿಯಾಗಿರುವುದರ ಜೊತೆಗೆ, ಹಿಂದಿನ 5 ವರ್ಷಗಳಲ್ಲಿ 1,095 ದಿನ ಆ ದೇಶದಲ್ಲಿ ವಾಸಿಸಿರಬೇಕು. ಟಿಎನ್ ಹೊಂದಿದವರ ಪತಿ ಅಥವಾ ಪತ್ನಿಗೆ ಆ ಅವಲಂಬಿತ ಅನುಮತಿಯ ಮೇಲೆ ಅಮೆರಿಕದಲ್ಲಿ ಉದ್ಯೋಗ ಮಾಡಲು ಅವಕಾಶವಿಲ್ಲ.

ಕೃಷಿಕ ಕುಟುಂಬಗಳು ಯೋಚಿಸಬೇಕಾದ ಇನ್ನೊಂದು ವಿಷಯವಿದೆ. ಭಾರತವು ದ್ವಿಪೌರತ್ವವನ್ನು ಒಪ್ಪುವುದಿಲ್ಲ. ಕೆನಡಾದ ಪ್ರಜೆಯಾದೊಡನೆ ಭಾರತದ ಪೌರತ್ವ ಹೋಗುತ್ತದೆ. ಬಳಿಕ ಸಾಗರೋತ್ತರ ಭಾರತೀಯ ನಾಗರಿಕನೆಂಬ ಕಾರ್ಡ್ ದೊರೆತರೂ, ಕೃಷಿ ಭೂಮಿ ಅಥವಾ ತೋಟವನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಉಳಿಸಿಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ನೆಲೆಸಿರುವ ಭಾರತೀಯ ಪ್ರಜೆಗೇ ಮಾರಬೇಕು. "ನಾಲ್ಕು ಕಾಸು ಸಂಪಾದಿಸಿ ಬಂದು ಪಕ್ಕದ ತೋಟ ಕೊಳ್ಳುತ್ತೇನೆ" ಎಂದು ಹೊರಟವನು ಆ ಹಕ್ಕನ್ನೇ ಕಳೆದುಕೊಂಡಿರಬಹುದು. ವಿದೇಶದಲ್ಲಿ ನೆಲೆಸಿದ ಭಾರತೀಯ ಪ್ರಜೆಗೂ ಕೃಷಿ ಭೂಮಿಯ ಖರೀದಿಗೆ ಇದೇ ನಿರ್ಬಂಧವಿದೆ. ಆದರೆ ಅವನು ಸ್ವದೇಶಕ್ಕೆ ಮರಳಿ ನೆಲೆಸಿದರೆ ಅದು ನೀಗುತ್ತದೆ.

ಇತರ ದಾರಿಗಳು

ಅಮೆರಿಕವೊಂದೇ ಗುರಿಯಾಗಬೇಕಿಲ್ಲ. ಜರ್ಮನಿಯು ಭಾರತೀಯ ಕುಶಲ ಕೆಲಸಗಾರರಿಗೆ ನೀಡುವ ವೀಸಾಗಳ ವಾರ್ಷಿಕ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಹೆಚ್ಚಿಸುವುದಾಗಿ ಅಕ್ಟೋಬರ್ 2024ರಲ್ಲಿ ಪ್ರಕಟಿಸಿತು. ಅರ್ಹರು ಅಲ್ಲಿಗೆ ಹೋಗಿ ಒಂದು ವರ್ಷದವರೆಗೆ ಉದ್ಯೋಗ ಹುಡುಕಲು ಅನುಕೂಲವಾಗುವ ಕಾರ್ಡೊಂದನ್ನು ಜೂನ್ 2024ರಿಂದ ಜಾರಿಗೆ ತಂದಿತು. ಈ ದಾರಿಯಲ್ಲಿ ದಾದಿಯರಿಗೂ ಕುಶಲಕರ್ಮಿಗಳಿಗೂ ಸ್ಥಾನವಿದೆ. ಜರ್ಮನ್ ಭಾಷಾ ಕಲಿಕೆಗೆ ತೊಡಗಿಸುವ ಹಣ, ಮಧ್ಯವರ್ತಿಗೆ ಕೊಡುವ ಹಣಕ್ಕಿಂತ ಎಷ್ಟೋ ಸುರಕ್ಷಿತವಾದ ಹೂಡಿಕೆ.

ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ವಿದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟರು 1983ರ ವಲಸೆ ಕಾಯಿದೆಯಂತೆ ನೋಂದಾಯಿತರಾಗಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕೇಂದ್ರ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಏಜೆಂಟರ ನೋಂದಣಿಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಈ ವಿಷಯದಲ್ಲಿ ಮಾರ್ಗದರ್ಶನ ನೀಡುತ್ತದೆ.

ಜಾಮೀನು ಹಾಕುವ ಮುನ್ನ

ನೆರವು ಕೋರಿ ಬಂದವರನ್ನು ವರ್ತಕರು ಕೆಲವು ಪ್ರಶ್ನೆಗಳನ್ನು ಕೇಳುವುದರಲ್ಲಿ ಸಂಕೋಚವೇಕೆ? ಉದ್ಯೋಗದಾತನ ಹೆಸರು, ವಿಳಾಸ, ಸಂಬಳ ನಮೂದಾಗಿರುವ ಪತ್ರವಿದೆಯೇ? ಹಣ ಯಾರ ಖಾತೆಗೆ ಹೋಗುತ್ತದೆ, ಅದಕ್ಕೆ ರಸೀದಿ ಉಂಟೇ? ಏಜೆಂಟನ ನೋಂದಣಿ ಸಂಖ್ಯೆ ಯಾವುದು? ವೀಸಾ ದೊರೆಯದಿದ್ದರೆ ಹಣ ಮರಳುವುದೆಂದು ಬರಹದಲ್ಲಿದೆಯೇ? ಇವುಗಳಲ್ಲಿ ಒಂದಕ್ಕೆ ತಡವರಿಕೆಯ ಉತ್ತರ ಬಂದರೂ ಸಾಲವನ್ನು ಮುಂದೂಡುವುದು ಉಭಯತರಿಗೂ ಕ್ಷೇಮ.

ಸಾಲದ ಅವಧಿಯನ್ನು ನಿಗದಿ ಮಾಡುವಾಗ ವೀಸಾದ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಚ್-1ಬಿ ಅಥವಾ ಟಿಎನ್ ಮೇಲೆ ಇರುವವರು ಕೆಲಸ ಕಳೆದುಕೊಂಡರೆ, 2017ರಲ್ಲಿ ಜಾರಿಗೆ ಬಂದ ನಿಯಮದಂತೆ ದೊರೆಯುವ ಕಾಲಾವಕಾಶ ಗರಿಷ್ಠ 60 ದಿನ. ಅಷ್ಟರೊಳಗೆ ಹೊಸ ಉದ್ಯೋಗದಾತ ಅರ್ಜಿ ಸಲ್ಲಿಸಬೇಕು, ಇಲ್ಲವೇ ಬೇರೆ ಕಾನೂನುಬದ್ಧ ದಾರಿ ಕಂಡುಕೊಳ್ಳಬೇಕು. ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಅಡಿಕೆ ಸಸಿಯೇ ಫಲ ಕೊಡಲು ಐದಾರು ವರ್ಷ ಬೇಕು. 60 ದಿನಗಳಲ್ಲಿ ಮುಗಿದುಹೋಗಬಹುದಾದ ಸಂಪಾದನೆಯನ್ನು ನೆಚ್ಚಿ, ಫಲಕ್ಕೆ ಬಂದ ತೋಟವನ್ನು ಅಡವಿಡುವುದು ಯಾವ ವ್ಯಾಪಾರಿಯೂ ಒಪ್ಪತಕ್ಕ ವ್ಯವಹಾರವಲ್ಲ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಹೇಳಿ ಯುವಕರ ಉತ್ಸಾಹವನ್ನು ತಣಿಸುವುದು ಇಲ್ಲಿನ ಉದ್ದೇಶವಲ್ಲ. ಬೆಟ್ಟ ಹತ್ತುವವರು ಹತ್ತಲಿ. ಆದರೆ ದಾರಿಯ ಕಲ್ಲುಮುಳ್ಳುಗಳನ್ನು ಮೊದಲೇ ಅರಿತಿರಲಿ. ಹೊರದೇಶದಲ್ಲಿ ಗಳಿಸಿದ ಹಣದಂತೆಯೇ ಅಲ್ಲಿ ಕಲಿತ ಕೆಲಸ, ಬೆಳೆಸಿದ ಸಂಪರ್ಕಗಳೂ ಬಂಡವಾಳವೇ. ಅವುಗಳೊಡನೆ ತೊಗರ್ಸಿಗೋ ಸೊರಬಕ್ಕೋ ಮರಳಿ ಬರುವವನಿಗೆ, ಹೊರಟಾಗ ಬಿಟ್ಟುಹೋದ ಮನೆಯೂ ತೋಟವೂ ಅವನ ಹೆಸರಿನಲ್ಲಿಯೇ ಉಳಿದಿರಬೇಕು. ಅದಕ್ಕೆ ಬೇಕಾದ ವಿವೇಚನೆಯ ಮಾತನ್ನು ಸಕಾಲದಲ್ಲಿ ಹೇಳುವುದು, ಹಣ ಕೊಡುವುದಕ್ಕಿಂತ ದೊಡ್ಡ ಉಪಕಾರ.